ಹೆಸರು ಮೊದಲೇ ಹೇಳಿಬಿಡಿ

ನಾವು ಮಾಡುವ ಕೆಲಸ ಏನೆಂದು ಊರಿನವರಿಗೆ ತಿಳಿಸಿ ಹೇಳುವುದೇ ಒಂದು ಕಷ್ಟ. ಕಂಪೆನಿಯೊಂದು ತನ್ನ ನೌಕರನನ್ನು ಪುಣೆಯಿಂದಲೋ ದಿಲ್ಲಿಯಿಂದಲೋ ಬೆಂಗಳೂರಿಗೆ ವರ್ಗ ಮಾಡಿದಾಗ ಆತನ ಸಾಮಾನು ಸಾಗಿಸುವುದು, ಬಾಡಿಗೆ ಮನೆ ಹುಡುಕುವುದು, ಮಕ್ಕಳಿಗೆ ಶಾಲೆ ಗೊತ್ತುಮಾಡುವುದು, ಗ್ಯಾಸ್ ಸಂಪರ್ಕ, ಕರಾರು ಪತ್ರ, ಕೆಲಸದಾಕೆ, ಹಾಲಿನವನು ಎಲ್ಲವನ್ನೂ ಕಂಪೆನಿಯ ಖರ್ಚಿನಲ್ಲಿ ಮಾಡಿಕೊಡುವ ಸಣ್ಣ ಕಚೇರಿ ನಮ್ಮದು. ನಾವು ಮೂವರಿದ್ದೇವೆ. ಒಬ್ಬರು ಉಳ್ಳಾಲದವರು, ಒಬ್ಬರು ತುಮಕೂರಿನವರು, ಒಬ್ಬಾಕೆ ಕುಂದಾಪುರದವರು. ಇಬ್ಬರು ಮುಸ್ಲಿಮರು. ಇಷ್ಟನ್ನೆಲ್ಲ ವಿವರಿಸಿದ ಮೇಲೂ ಉಳ್ಳಾಲದ ತಾಯಿ ನೆಂಟರಿಗೆ ಹೇಳುವುದು ಒಂದೇ ಮಾತು: "ಬೆಂಗಳೂರಿನಲ್ಲಿ ಮನೆ ಬ್ರೋಕರ್ ಆಗಿದ್ದಾನೆ." ಮೊದಮೊದಲು ನಮಗೆ ಇದರಿಂದ ಬೇಸರವಾಗುತ್ತಿತ್ತು. ಈಗ ಆ ತಾಯಿಯ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ.

ವರ್ಗಾವಣೆ ಕರಾವಳಿಯವರಿಗೆ ಹೊಸದಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. 2019 ಮತ್ತು 2020ರ ವಿಲೀನಗಳಲ್ಲಿ ಮೂರರ ಹೆಸರು ಅಳಿದು ಈಗ ಕೆನರಾ ಒಂದೇ ಉಳಿದಿದೆ. ಆದರೆ ಈ ಬ್ಯಾಂಕುಗಳ ದೆಸೆಯಿಂದ ದೇಶದ ಮೂಲೆ ಮೂಲೆ ಕಂಡ ಗುಮಾಸ್ತರು, ಮ್ಯಾನೇಜರುಗಳು ಅವಿಭಜಿತ ದಕ್ಷಿಣ ಕನ್ನಡದ ಊರೂರಿನಲ್ಲೂ ಇದ್ದಾರೆ. ಕುಂದಾಪುರದ ನಮ್ಮ ಸಹೋದ್ಯೋಗಿಯ ತಂದೆಯೂ ಒಬ್ಬ ಬ್ಯಾಂಕ್ ನೌಕರರೇ. ಆಕೆ ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಐದು ಶಾಲೆ ಕಂಡಿದ್ದರು. ಅವರ ಮನೆಯ ಕಬ್ಬಿಣದ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಊರಿನ ಹೆಸರನ್ನು ಪ್ರತಿ ಸಲವೂ ಹೊಡೆದುಹಾಕಿ ಹೊಸ ಊರಿನ ಹೆಸರು ಬರೆಯುತ್ತಿದ್ದರಂತೆ. ಆಗ ನಮ್ಮಂಥ ಕಚೇರಿಗಳಿರಲಿಲ್ಲ. ಆ ಶಾಖೆಯಿಂದ ವರ್ಗವಾಗಿ ಹೋಗುವ ನೌಕರ ಬರುವ ನೌಕರನಿಗೆ ತಾನಿದ್ದ ಬಾಡಿಗೆ ಮನೆಯನ್ನು, ಹಾಲಿನವನನ್ನು, ಕೆಲವೊಮ್ಮೆ ಸೀಮೆಎಣ್ಣೆ ಸ್ಟವ್ವನ್ನೂ ವಹಿಸಿಕೊಟ್ಟು ಹೋಗುತ್ತಿದ್ದ. ಹೊಸಬರು ಬಂದ ದಿನ ಪಕ್ಕದ ಮನೆಯವರೇ ಊಟಕ್ಕೆ ಕರೆಯುತ್ತಿದ್ದರು. "ಆ ಕಾಲ ಚೆನ್ನಾಗಿತ್ತು ಅಂತ ಹೇಳ್ತಿಲ್ಲ, ನಮ್ಮಮ್ಮ ಪ್ರತಿ ಊರಿನಲ್ಲೂ ಅತ್ತಿದ್ದನ್ನ ನಾನು ನೋಡಿದ್ದೇನೆ" ಎಂದು ಆಕೆ ಸೇರಿಸುವುದುಂಟು.

ಸಾಮಾನು ಕಟ್ಟುವ ದಿನ ಜನರನ್ನು ಹತ್ತಿರದಿಂದ ನೋಡಬಹುದು. ನಮ್ಮ ಪಟ್ಟಿಯಲ್ಲಿ ಯಾವುದನ್ನು ಸಾಗಿಸುವುದಿಲ್ಲ ಎಂಬುದಕ್ಕೇ ಒಂದು ಪುಟ ಮೀಸಲು: ಗ್ಯಾಸ್ ಸಿಲಿಂಡರ್, ಎಣ್ಣೆ, ತುಪ್ಪ, ಉಪ್ಪಿನಕಾಯಿ, ಆಸಿಡ್ ತುಂಬಿದ ಬ್ಯಾಟರಿ, ಗಿಡ. ಹಾಸಿಗೆ, ಸೋಫಾ, ಫ್ರಿಜ್ಜು ಲಾರಿಗೆ ಏರುವಾಗ ಸುಮ್ಮನಿರುವ ಹೆಂಗಸರು ಉಪ್ಪಿನಕಾಯಿ ಭರಣಿಯ ಹತ್ತಿರ ಬಂದಾಗ ಜಗಳಕ್ಕೆ ನಿಲ್ಲುತ್ತಾರೆ. ನಾಗಪುರದಿಂದ ಬಂದ ಒಬ್ಬ ತಾಯಿ ತುಳಸಿಗಿಡದ ಕುಂಡವನ್ನು ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದರು. ಸೆಖೆಗೆ ಎಲೆಗಳೆಲ್ಲ ಉದುರಿ ಬರಿಯ ಕಡ್ಡಿ ಉಳಿದಿತ್ತು. ಇನ್ನೊಂದು ಮನೆಯಲ್ಲಿ ಕುರ್‌ಆನ್ ಇಟ್ಟಿದ್ದ ಕಪಾಟಿನ ಬಳಿ ಬಂದು ನಮ್ಮ ಪ್ಯಾಕಿಂಗ್ ಹುಡುಗ ನಿಂತುಬಿಟ್ಟ. ಆತ ಮಂಡ್ಯದ ಕಡೆಯ ಹಿಂದೂ ಹುಡುಗ. "ಸಾರ್, ಇದನ್ನ ನಾನು ಮುಟ್ಟಬಹುದಾ?" ಎಂದು ಕೇಳಿದ. ಮನೆಯ ಯಜಮಾನರು ಮುಟ್ಟಬಹುದು ಎಂದರು. ಆತ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದು, ಬಟ್ಟೆಯಲ್ಲಿ ಸುತ್ತಿ, ಒಂಟಿಯಾಗಿ ಒಂದು ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆ 'ಮೇಲ್ಗಡೆ ಇಡುವುದು' ಎಂದು ಕನ್ನಡದಲ್ಲಿ ಬರೆದ. ಲಾರಿ ಬಂದದ್ದು ಬೆಂಗಳೂರಿಗೇ ಆದ್ದರಿಂದ ಇಳಿಸುವವರಿಗೆ ಆ ಅಕ್ಷರ ಓದಲು ಬಂತು.

ಬೆಂಗಳೂರು ಮುಟ್ಟಿದ ಮೇಲೆ ಗಂಡ ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಕುರ್ಚಿ ಇದೆ, ಹಳೆಯ ಇ-ಮೇಲ್ ಇದೆ, ಬೈಯಲು ಪರಿಚಿತ ಮೇಲಧಿಕಾರಿ ಇದ್ದಾನೆ. ಮನೆಯಲ್ಲಿ ಉಳಿದವಳಿಗೆ ಎಲ್ಲವೂ ಸೊನ್ನೆಯಿಂದ ಶುರು. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು ಬದುಕಿನ ಏರುಪೇರುಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಬಾಳಸಂಗಾತಿಯ ಸಾವಿಗೆ 100 ಅಂಕ. ಮನೆ ಬದಲಿಸುವುದಕ್ಕೆ ಬರೀ 20. ನೋಡಿದರೆ ಕಡಿಮೆಯೇ. ಆದರೆ ಹೆಂಡತಿ ಕೆಲಸ ಬಿಡುವುದಕ್ಕೆ 26, ಜೀವನದ ಸ್ಥಿತಿಗತಿ ಬದಲಾಗುವುದಕ್ಕೆ 25, ಶಾಲೆ ಬದಲಾವಣೆಗೆ 20, ಸಾಮಾಜಿಕ ಒಡನಾಟ ಬದಲಾಗುವುದಕ್ಕೆ 18 ಎಂದು ಅದೇ ಪಟ್ಟಿಯಲ್ಲಿದೆ. ಐದನ್ನೂ ಕೂಡಿಸಿದರೆ 109. ಒಂದು ವರ್ಗಾವಣೆ ಪತ್ರದ ಹಿಂದೆ ಈ ಐದೂ ಒಟ್ಟಿಗೇ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಬೀಳುವುದು ಕಂಪೆನಿಯ ಸಂಬಳ ಪಟ್ಟಿಯಲ್ಲಿ ಇಲ್ಲದವಳ ತಲೆಯ ಮೇಲೆ. ಬಿ.ಎಡ್. ಮಾಡಿ ಎಂಟು ವರ್ಷ ಪಾಠ ಹೇಳಿದ್ದ ಒಬ್ಬ ಶಿಕ್ಷಕಿ ನಮ್ಮ ಕಾರಿನಲ್ಲಿ ಮಗನಿಗೆ ಶಾಲೆ ಹುಡುಕುತ್ತ ಹೋಗುವಾಗ, ಪ್ರತಿ ಶಾಲೆಯಲ್ಲೂ ಪ್ರವೇಶದ ಮಾತು ಮುಗಿದ ಮೇಲೆ ಮೆಲ್ಲಗೆ, "ಇಲ್ಲಿ ಟೀಚರ್ ಕೆಲಸ ಖಾಲಿ ಇದೆಯೇ?" ಎಂದು ವಿಚಾರಿಸುತ್ತಿದ್ದರು. ಆ ಪ್ರಶ್ನೆ ನಮ್ಮ ಯಾವ ನಮೂನೆಯಲ್ಲೂ ಇಲ್ಲ.

ಇಸ್ಲಾಮೀ ಇತಿಹಾಸದಲ್ಲಿ ಮಕ್ಕಾ ಬಿಟ್ಟು ಮದೀನಾಕ್ಕೆ ಹೋದವರ ಕಥೆಯನ್ನು ನಾವು ಮದ್ರಸದ ದಿನಗಳಿಂದ ಕೇಳಿದವರು. ಆದರೆ ಈ ಕೆಲಸಕ್ಕೆ ಬಂದ ಮೇಲೆ ಅದರ ಸಣ್ಣಪುಟ್ಟ ವಿವರಗಳೇ ಹೆಚ್ಚು ನೆನಪಾಗುತ್ತವೆ. ಮದೀನಾಕ್ಕೆ ಬಂದ ಹೊಸದರಲ್ಲಿ ಹಝ್ರತ್ ಅಬೂಬಕರ್(ರ) ಮತ್ತು ಬಿಲಾಲ್(ರ) ಜ್ವರದಿಂದ ಮಲಗಿದರು. ಜ್ವರ ಇಳಿದಾಗ ಬಿಲಾಲರು ಮಕ್ಕಾದ ಕಣಿವೆಯ ಹುಲ್ಲು, ಗಿಡಗಳನ್ನು ಹೆಸರಿಡಿದು ನೆನೆದು ಹಾಡಿಕೊಂಡರು. ಯಾವ ಊರಿನಲ್ಲಿ ಸುಡುವ ಮರಳ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿದ್ದರೋ ಆ ಊರಿನ ಹುಲ್ಲಿನ ನೆನಪು! ಇದನ್ನು ತಿಳಿದ ಪ್ರವಾದಿ(ಸ)ಯವರು, ಊರನ್ನು ಮರೆಯಿರಿ ಎಂದು ಅವರಿಗೆ ಉಪದೇಶಿಸಲಿಲ್ಲ. ಮಕ್ಕಾದಷ್ಟೇ ಅಥವಾ ಅದಕ್ಕಿಂತಲೂ ಹೆಚ್ಚಾಗಿ ಮದೀನಾವನ್ನು ನಮಗೆ ಪ್ರಿಯವಾಗಿಸು ಎಂದು ಅಲ್ಲಾಹನಲ್ಲಿ ಬೇಡಿದರು. ವರ್ಗವಾಗಿ ಬಂದವರು "ಲಕ್ನೋದಲ್ಲಿ ಹೀಗಿರಲಿಲ್ಲ", "ನಮ್ಮ ಇಂದೋರಿನಲ್ಲಿ ಹೀಗಿರಲಿಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳುವಾಗ ನಮಗೂ ತಲೆ ಬಿಸಿಯಾಗುವುದುಂಟು. ಆಗ ತುಮಕೂರಿನವರು "ಜ್ವರ ಇನ್ನೂ ಇಳಿದಿಲ್ಲ" ಎಂದು ಮೆಲ್ಲಗೆ ಹೇಳುತ್ತಾರೆ. ನಾವು ಸುಮ್ಮನಾಗುತ್ತೇವೆ.

ಹೇಳಬೇಕಾದದ್ದು ಇನ್ನೂ ಮುಂದಿದೆ.

ಹೊಸಬರು ಬಂದಾಗ ನಾವು ತುಂಬಿಸುವ ನಮೂನೆಯಲ್ಲಿ 'ಆಹಾರ ಪದ್ಧತಿ' ಎಂಬ ಒಂದು ಕಾಲಂ ಇತ್ತು. ಅದನ್ನು ಹಾಕಿದ್ದು ನಾವೇ. ಬ್ರೋಕರನಿಗೆ ಫೋನ್ ಮಾಡಿದರೆ ಬಾಡಿಗೆ ಎಷ್ಟು ಎಂಬುದಕ್ಕೆ ಮೊದಲೇ ಆತ ಕೇಳುತ್ತಿದ್ದುದು "ಪಾರ್ಟಿ ವೆಜ್ಜಾ, ನಾನ್-ವೆಜ್ಜಾ ಸಾರ್?" ಎಂದು. ತಮ್ಮ ಮನೆಯಲ್ಲಿ ಮಾಂಸ ಬೇಯುವುದು ಬೇಡ ಎನ್ನುವ ಮಾಲಿಕರ ಮನಸ್ಸನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಆದರೆ ಒಮ್ಮೆ ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟದ ಒಬ್ಬ ಮುಸ್ಲಿಮ್ ಎಂಜಿನಿಯರ್ ಬಂದರು. ವೈದ್ಯರು ಬಿಡಿಸಿದ್ದಲ್ಲ, ಹುಡುಗನಾಗಿದ್ದಾಗಿಂದಲೂ ಹಾಗೆಯೇ ಅಂತೆ. ಕಾಲಂನಲ್ಲಿ 'ಸಸ್ಯಾಹಾರಿ' ಎಂದು ಹೆಮ್ಮೆಯಿಂದ ಬರೆದೆವು. ಮನೆ ಸಿಗಲಿಲ್ಲ. ಅದೇ ಮನೆ ಮರುವಾರ, ಮೀನಿಲ್ಲದೆ ತುತ್ತು ಇಳಿಯದ ನಮ್ಮ ಕರಾವಳಿಯ ಹಿಂದೂ ಯುವಕನೊಬ್ಬನಿಗೆ ಸಿಕ್ಕಿತು. ಆ ಕಾಲಂನಲ್ಲಿ ಯಾವುದರ ಲೆಕ್ಕ ನಡೆಯುತ್ತಿದೆ ಎಂಬುದು ಅಂದು ನಮಗೆ ತಿಳಿಯಿತು.

ತಿಳಿದ ಮೇಲೆ ನಾವೇನು ಮಾಡಿದೆವು? ಜಾಣತನ ಮಾಡಿದೆವು. ಮಾಲಿಕರಿಗೆ ಹೆಸರು ಹೇಳುವುದನ್ನು ಆದಷ್ಟು ಮುಂದೂಡಿದೆವು. "ಐಟಿ ಕಂಪೆನಿ ಸಾರ್, ಸಣ್ಣ ಫ್ಯಾಮಿಲಿ, ಬಾಡಿಗೆ ಕಂಪೆನಿಯಿಂದಲೇ ಬರುತ್ತದೆ" ಎಂದು ಹೊಗಳಿ, ಮನೆ ತೋರಿಸಿ, ಒಪ್ಪಿಗೆಯಾದ ಮೇಲೆ ಕರಾರು ಪತ್ರದ ಹೊತ್ತಿಗೆ ಹೆಸರು ಹೊರಗೆ ಬರುತ್ತಿತ್ತು. ಅಷ್ಟು ದೂರ ಬಂದ ಮೇಲೆ ಯಾರಾದರೂ ಹಿಂದೆ ಸರಿಯುತ್ತಾರೆಯೇ ಎಂಬ ಲೆಕ್ಕಾಚಾರ ನಮ್ಮದು. ಕೆಲವೊಮ್ಮೆ ಅದು ಫಲಿಸುತ್ತಿತ್ತು. ಫಲಿಸದಿದ್ದಾಗ ಇನ್ನೊಂದು ಜಾಣತನ ಇತ್ತು. ಬಂದವರಿಗೆ ನಿಜ ಹೇಳದೆ, "ಆ ಮನೆಯಲ್ಲಿ ಬೋರ್‌ವೆಲ್ ಬತ್ತಿದೆಯಂತೆ", "ಗೋಡೆ ಸೋರುತ್ತದೆ, ನಾವೇ ಬೇಡ ಎಂದೆವು" ಎನ್ನುತ್ತಿದ್ದೆವು. ಹೊಸ ಊರಿಗೆ ಬಂದವರ ಮನಸ್ಸು ನೋಯಿಸಬಾರದಲ್ಲ!

2018ರ ಬೇಸಿಗೆಯಲ್ಲಿ ಪುಣೆಯಿಂದ ಒಬ್ಬ ಎಂಜಿನಿಯರ್ ಬಂದರು. ಮೂಲತಃ ಉತ್ತರ ಪ್ರದೇಶದವರು, ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಯೊಂದರಲ್ಲಿ ಕೆಲಸ. ಪತ್ನಿಗೆ ಆರು ತಿಂಗಳು ತುಂಬಿತ್ತು. ಆಕೆ ಪುಣೆಯಲ್ಲೇ ಇದ್ದರು. ಮನೆ ಸಿಕ್ಕಿದ ಮೇಲೆ ಕರೆತರುವುದೆಂದು ಮಾತು. ಕಂಪೆನಿಯ ಅತಿಥಿಗೃಹದಲ್ಲಿ 15 ದಿನ ಉಳಿಯಲು ಅವಕಾಶವಿತ್ತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿ ಕೇಳಿಯೇ ಅವರು ಬೆಚ್ಚಿದ್ದರು. ಪುಣೆಯಲ್ಲಿ ಅವರು ಕೊಟ್ಟಿದ್ದುದು ಎರಡು ತಿಂಗಳದ್ದು. ಆದರೂ ಸಾಲ ಮಾಡಿ ಹೊಂದಿಸಿಕೊಂಡಿದ್ದರು.

ಹತ್ತನೆಯ ದಿನ ಜಯನಗರದ ಕಡೆ ಒಂದು ಮನೆ ಒಪ್ಪಿಗೆಯಾಯಿತು. ಮನೆಯೊಡತಿ ಕಾಫಿ ಕೊಟ್ಟರು. ಹೆಂಡತಿ ಬಸುರಿ ಎಂದು ತಿಳಿದು, "ಹೆರಿಗೆ ಆಸ್ಪತ್ರೆ ಹತ್ತಿರವೇ ಇದೆ, ಬಾಲ್ಕನಿಯಲ್ಲಿ ಬಿಸಿಲು ಬರುತ್ತೆ, ಮಗುವಿನ ಬಟ್ಟೆ ಒಣಗುತ್ತೆ" ಎಂದರು. ನಾವು ಎಂಜಿನಿಯರರನ್ನು ಅವರ ಕುಲನಾಮದಿಂದಷ್ಟೇ ಪರಿಚಯಿಸಿದ್ದೆವು. ಅದು ಉತ್ತರದಲ್ಲಿ ಹಿಂದೂ ಮುಸ್ಲಿಮ್ ಇಬ್ಬರಲ್ಲೂ ಇರುವಂಥದು. ಹತ್ತು ಸಾವಿರ ಟೋಕನ್ ಕೊಟ್ಟು ಬಂದೆವು. ದಾರಿಯುದ್ದಕ್ಕೂ ಅವರು ಬಾಲ್ಕನಿಯ ವಿಷಯವನ್ನು ಹೆಂಡತಿಗೆ ಫೋನಿನಲ್ಲಿ ಹೇಳುತ್ತಿದ್ದರು. ಸಂಜೆ ಕರಾರು ಪತ್ರಕ್ಕೆಂದು ಆಧಾರ್ ಪ್ರತಿ ಕಳಿಸಿದೆವು. ರಾತ್ರಿ ಒಂಬತ್ತಕ್ಕೆ ಬ್ರೋಕರನ ಫೋನ್ ಬಂತು: "ಬೇಜಾರ್ ಮಾಡ್ಕೋಬೇಡಿ ಸಾರ್, ಅವರ ಮಗ ಅಮೆರಿಕದಿಂದ ವಾಪಸ್ ಬರ್ತಿದ್ದಾನಂತೆ."

ಈ ಅಮೆರಿಕದ ಮಗ ನಮಗೆ ಹಳೆಯ ಪರಿಚಯ. ಎಷ್ಟೋ ಮನೆಗಳಿಗೆ ಆತ ಇದ್ದಕ್ಕಿದ್ದಂತೆ ಮರಳಿ ಬರುತ್ತಾನೆ. ಬಂದದ್ದನ್ನು ಮಾತ್ರ ಯಾರೂ ನೋಡಿಲ್ಲ.

ಮರುದಿನ ನಾವು ಎಂಜಿನಿಯರರಿಗೆ ರೂಢಿಯ ಮಾತು ಹೇಳಿದೆವು. ಸ್ನಾನದ ಕೋಣೆಯ ಕೊಳವೆ ಸೋರುತ್ತದೆ, ಬಾಣಂತಿ ಇರುವ ಮನೆಗೆ ಥಂಡಿ ಒಳ್ಳೆಯದಲ್ಲ ಎಂದೆವು. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬಳಿಕ ಹಿಂದಿಯಲ್ಲಿ ಶಾಂತವಾಗಿಯೇ ಕೇಳಿದರು: "ಇದು ನಾಲ್ಕನೆಯ ಮನೆ. ಒಂದರಲ್ಲಿ ನೀರಿಲ್ಲ, ಒಂದರಲ್ಲಿ ಗೋಡೆ ಸೋರುತ್ತದೆ, ಒಂದರಲ್ಲಿ ಲಿಫ್ಟ್ ಕೆಟ್ಟಿದೆ, ಈಗ ಕೊಳವೆ. ಬೆಂಗಳೂರಿನ ಮನೆಗಳು ನಾನು ಒಪ್ಪಿದ ಮೇಲೆಯೇ ಯಾಕೆ ಸೋರುತ್ತವೆ?" ನಮ್ಮಲ್ಲಿ ಉತ್ತರವಿರಲಿಲ್ಲ. "ನನಗೆ ನಿಜ ಹೇಳಿ. ನನ್ನ ಹೆಂಡತಿಗೆ ಹೇಳಬೇಕಾದ ಸುಳ್ಳನ್ನು ನಾನೇ ಹೇಳಿಕೊಳ್ಳುತ್ತೇನೆ. ಮುಂದಿನ ಮನೆಯವರಿಗೆ ನನ್ನ ಹೆಸರು ಮೊದಲೇ ಹೇಳಿಬಿಡಿ. ಬಾಗಿಲು ತೆರೆದು, ಕಾಫಿ ಕೊಟ್ಟು, ಆಮೇಲೆ ಮುಚ್ಚುವುದಕ್ಕಿಂತ ಅದು ವಾಸಿ" ಎಂದರು.

ಆ ಸಂಜೆ ಕಚೇರಿಯಲ್ಲಿ ನಾವು ಮೂವರೂ ಬಹಳ ಹೊತ್ತು ಕುಳಿತೆವು. ನಮ್ಮ ಸುಳ್ಳು ಬಂದವರ ಮನಸ್ಸನ್ನು ಕಾಯುತ್ತಿದೆ ಎಂದು ನಾವು ನಂಬಿದ್ದೆವು. ಕುಂದಾಪುರದಾಕೆ ನೇರವಾಗಿ ಕೇಳಿದರು: "ನಾವು ಕಾಯುತ್ತಿರುವುದು ಯಾರನ್ನ? ಆ ಮನೆಯವರನ್ನಲ್ಲವಾ? ಅವರಿಗೆ ತಾವು ಮಾಡಿದ್ದು ಇಂಥದ್ದು ಅಂತ ಒಮ್ಮೆಯೂ ಕೇಳಿಸಿಕೊಳ್ಳಬೇಕಾಗಿಲ್ಲ. ಮಗ ಬರ್ತಾನೆ ಅಂದರೆ ಆಯಿತು. ಮಿಕ್ಕಿದ್ದನ್ನ ನಾವು ಮುಚ್ಚಿ ಹಾಕ್ತೀವಿ." ಅದಕ್ಕೆ ಉಳ್ಳಾಲದವರು ಒಪ್ಪಲಿಲ್ಲ. ಮೊದಲೇ ಹೆಸರು ಹೇಳಿದರೆ ಹತ್ತರಲ್ಲಿ ಎಂಟು ಬಾಗಿಲು ಫೋನಿನಲ್ಲೇ ಮುಚ್ಚುತ್ತವೆ, ಮನುಷ್ಯನನ್ನು ಮುಖಾಮುಖಿ ಕಂಡರೆ ಮನಸ್ಸು ಬದಲಾಗುವ ಒಂದು ಅವಕಾಶವಾದರೂ ಇರುತ್ತದೆ ಎಂಬುದು ಅವರ ವಾದ. ಅವರ ಮಾತಿಗೆ ಅನುಭವದ ಭಾರವಿತ್ತು. ಅವರು ಆಗ ವಾಸವಾಗಿದ್ದ ಮನೆಯ ಕರಾರು ಪತ್ರ ಅವರ ಹೆಸರಿನಲ್ಲಿರಲಿಲ್ಲ, ಹಿಂದೂ ಗೆಳೆಯನೊಬ್ಬನ ಹೆಸರಿನಲ್ಲಿತ್ತು. ಬಾಗಿಲಿಗೆ ನಾಮಫಲಕ ಹಾಕಿರಲಿಲ್ಲ. ಇದನ್ನು ಅವರು ಅಷ್ಟು ವರ್ಷ ಜೊತೆಯಲ್ಲಿದ್ದ ನಮಗೂ ಹೇಳಿರಲಿಲ್ಲ.

ಕಾನೂನು ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಸಂವಿಧಾನದ 15ನೆಯ ವಿಧಿ ಧರ್ಮ, ಜಾತಿಗಳ ಹೆಸರಿನಲ್ಲಿ ಪ್ರಭುತ್ವ ಮಾಡುವ ತಾರತಮ್ಯವನ್ನು ತಡೆಯುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನೂ ಹೆಸರಿಸುತ್ತದೆ. ಖಾಸಗಿ ಮನೆಯ ಬಾಡಿಗೆ ಅದರಲ್ಲಿಲ್ಲ. ಒಂದೇ ಸಮುದಾಯಕ್ಕೆ ಮೀಸಲಾದ ಸಹಕಾರಿ ವಸತಿ ಸಂಘದ ನಿಯಮವನ್ನು ಸುಪ್ರೀಂ ಕೋರ್ಟು 2005ರಲ್ಲಿ ಪಾರ್ಸಿ ಸಂಘವೊಂದರ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಮುಸ್ಲಿಮರಿಗೆ ತಾವು ಬಯಸಿದ ಕಡೆ ಮನೆ ಕೊಳ್ಳಲು, ಬಾಡಿಗೆಗೆ ಪಡೆಯಲು ಆಗುತ್ತಿಲ್ಲ ಎಂಬ ದೂರನ್ನು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿದೆ. ವರದಿ ಬಂದು ಹನ್ನೆರಡು ವರ್ಷಗಳ ಮೇಲೆ ನಾವು ಜಯನಗರದಲ್ಲಿ ಕೊಳವೆ ಸೋರಿಸುತ್ತಿದ್ದೆವು.

ನಮ್ಮವರೇನು ಕಡಿಮೆಯಲ್ಲ. ಇದನ್ನು ಈ ಪತ್ರಿಕೆಯಲ್ಲೇ ಬರೆಯಬೇಕು. ಬೆನ್ಸನ್ ಟೌನ್ ಕಡೆ ನಾಲ್ಕು ಮಹಡಿಯ ಕಟ್ಟಡ ಇರುವ ಒಬ್ಬ ಹಾಜಿಯವರು ಅದೇ ವಾರ ಚೆನ್ನೈಯಿಂದ ಬಂದ ಹಿಂದೂ ಕುಟುಂಬವೊಂದಕ್ಕೆ ಮನೆ ಇಲ್ಲ ಎಂದರು. "ಗಂಟೆ ಬಾರಿಸುತ್ತಾರೆ. ನಮ್ಮವರಿದ್ದರೆ ಹೇಳಿ" ಎಂಬುದು ಕಾರಣ. ಅಸ್ಸಾಮಿನ ಒಂಟಿ ಹುಡುಗಿಗೂ ಇಲ್ಲ ಎಂದರು. ಆಕೆ ಮುಸ್ಲಿಮಳೇ. ಅಲ್ಲಿ ಕಾರಣ ಗಂಟೆಯಲ್ಲ, ಆಕೆಗೆ ಗಂಡನಿಲ್ಲದಿರುವುದು. ತುಮಕೂರಿನವರು ತಡೆಯಲಾರದೆ ಹಾಜಿಯವರಿಗೆ ಹಝ್ರತ್ ಅಬೂ ಅಯ್ಯೂಬ್ ಅನ್ಸಾರಿ(ರ)ಯವರ ಮನೆಯ ಸಂಗತಿ ಹೇಳಿದರು. ಪ್ರವಾದಿ(ಸ)ಯವರು ಮದೀನಾಕ್ಕೆ ಬಂದಾಗ ಸುಮಾರು ಏಳು ತಿಂಗಳು ಅವರ ಮನೆಯಲ್ಲಿದ್ದರು. ನೋಡಲು ಬರುವವರಿಗೆ ಅನುಕೂಲವಾಗಲೆಂದು ಕೆಳಗಿನ ಮನೆಯನ್ನೇ ಆರಿಸಿಕೊಂಡರು. ಒಂದು ರಾತ್ರಿ ಮಹಡಿಯಲ್ಲಿ ನೀರಿನ ಗಡಿಗೆ ಒಡೆಯಿತು. ಕೆಳಗೆ ಮಲಗಿದ್ದವರ ಮೇಲೆ ಹನಿ ಬೀಳಬಾರದೆಂದು ಗಂಡ ಹೆಂಡತಿ ಇಬ್ಬರೂ ಹೊದೆಯಲಿದ್ದ ಒಂದೇ ಒಂದು ಕಂಬಳಿಯಿಂದ ನೀರನ್ನು ಒರಸಿದರು. ಹಾಜಿಯವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು, "ಸುಬ್‌ಹಾನಲ್ಲಾಹ್" ಎಂದರು. ಆಮೇಲೆ, "ಅದು ಪ್ರವಾದಿಯವರ ಕಾಲ ಬೇಟಾ" ಎಂದರು. ಮನೆ ಕೊಡಲಿಲ್ಲ. ಮನೆ ಬ್ರೋಕರನಿಂದ ಸೀರತ್ ಕೇಳಲು ಅವರಿಗೆ ಇಷ್ಟವಾಗಿರಲಿಕ್ಕಿಲ್ಲ.

ನಮೂನೆಯಿಂದ ಆ ಕಾಲಂ ತೆಗೆದೆವು. ಹೆಸರನ್ನು ಮೊದಲ ಫೋನಿನಲ್ಲೇ, ಬಾಡಿಗೆಗಿಂತ ಮೊದಲು ಹೇಳತೊಡಗಿದೆವು. ಉಳ್ಳಾಲದವರು ಹೇಳಿದಂತೆಯೇ ಆಯಿತು. ಬ್ರೋಕರುಗಳು ನಮ್ಮ ಕರೆ ತೆಗೆದುಕೊಳ್ಳುವುದನ್ನು ಕಡಿಮೆ ಮಾಡಿದರು. ಇಬ್ಬರು ಮುಖ ಮುರಿದುಕೊಂಡು ಹೋದರು. ಕೆಲಸ ನಿಧಾನವಾಯಿತೆಂದು ಕಂಪೆನಿಯೊಂದರ ಸಿಬ್ಬಂದಿ ವಿಭಾಗದಿಂದ ಎಚ್ಚರಿಕೆಯ ಪತ್ರ ಬಂತು. ಎಂಜಿನಿಯರರ 15 ದಿನ ಮುಗಿದು, ಮುಂದಿನ ಒಂಬತ್ತು ದಿನ ಅವರು ಸ್ವಂತ ಖರ್ಚಿನಲ್ಲಿ ಲಾಡ್ಜಿನಲ್ಲಿದ್ದರು. ಇತ್ತ ನಮ್ಮ ಪ್ರಾಮಾಣಿಕತೆಯ ಬಿಲ್ಲನ್ನು ಅವರು ಕಟ್ಟುತ್ತಿದ್ದಾರಲ್ಲ ಎಂದು ನಮಗೆ ಸಂಕಟ. ಒಂದು ಸಂಜೆ ಮತ್ತೆ ಹಳೆಯ ದಾರಿಗೇ ಹೋಗೋಣವೇ ಎಂದು ಅವರನ್ನೇ ಕೇಳಿದೆವು. ಬೇಡ ಎಂದರು.

ಇಪ್ಪತ್ತನಾಲ್ಕನೆಯ ದಿನ ಪದ್ಮನಾಭನಗರದಲ್ಲಿ ಒಂದು ಮನೆಯ ಗೇಟಿಗೆ ಕೈಬರಹದ 'ಮನೆ ಬಾಡಿಗೆಗಿದೆ' ಫಲಕ ಕಂಡಿತು. ಬ್ರೋಕರ್ ಇಲ್ಲ. ನಿವೃತ್ತ ಶಾಲಾ ಶಿಕ್ಷಕಿ, ಕೆಳಗೆ ಒಬ್ಬರೇ ಇದ್ದಾರೆ, ಮೇಲಿನ ಮನೆ ಖಾಲಿ. ಕುಂದಾಪುರದಾಕೆ ಗೇಟಿನಲ್ಲಿ ನಿಂತೇ ಹೇಳಿದರು: "ಅಮ್ಮಾ, ಮೊದಲೇ ಹೇಳಿಬಿಡ್ತೀನಿ, ಮುಸ್ಲಿಮರು. ಹೆಸರು ಹೀಗೆ. ಹೆಂಡತಿ ಬಸುರಿ. ಮಾಂಸ ಮಾಡ್ತಾರೆ." ಆ ಅಮ್ಮ ಕನ್ನಡಕ ಸರಿಮಾಡಿಕೊಂಡು, "ನಾನು ಹೆಸರು ಕೇಳಲಿಲ್ಲವಲ್ಲಮ್ಮ. ನೀರು ಹುಷಾರಾಗಿ ಬಳಸ್ತಾರಾ? ಹಿಂದಿನವರು ನಲ್ಲಿ ತೆರೆದಿಟ್ಟು ಫೋನಿನಲ್ಲಿ ಮಾತಾಡೋರು" ಎಂದರು. ನೀರಿನ ವಿಷಯದಲ್ಲಿ ಅವರು ಹದಿನೈದು ನಿಮಿಷ ಮಾತಾಡಿದರು. ಅಡ್ವಾನ್ಸಿನಲ್ಲಿ ಒಂದು ರೂಪಾಯಿ ಬಿಡಲಿಲ್ಲ. ಹನ್ನೊಂದು ತಿಂಗಳ ಕರಾರು ಪತ್ರಕ್ಕೆ ತಾವೇ ಓದಿ, ಎರಡು ಕಾಗುಣಿತ ತಪ್ಪು ತಿದ್ದಿ, ಸಹಿ ಹಾಕಿದರು. ಮಗು ಆ ಮನೆಯಲ್ಲೇ ಹುಟ್ಟಿ ಬೆಳೆಯಿತು.

ಅವರಿಬ್ಬರ ಸಂಬಂಧ ತಾಯಿ ಮಗನಂತಿತ್ತು ಎಂದೇನೂ ನಾವು ಹೇಳಲಾರೆವು. ನೀರಿನ ಟ್ಯಾಂಕಿನ ವಿಷಯದಲ್ಲಿ ಎರಡು ಸಲ ಜಗಳವಾಗಿ ನಮಗೆ ಫೋನ್ ಬಂದಿತ್ತು. ಒಂದು ಸಲ ಅವರಿಂದ, ಒಂದು ಸಲ ಇವರಿಂದ.

2020ರ ಮಾರ್ಚ್ ಮೊದಲ ವಾರ ಕುಟುಂಬ ಹತ್ತು ದಿನಕ್ಕೆಂದು ಉತ್ತರ ಪ್ರದೇಶದ ಊರಿಗೆ ಹೋಯಿತು. ಅಲ್ಲಿ ತಂದೆಗೆ ಕಾಯಿಲೆ ಹೆಚ್ಚಾಗಿ ಇನ್ನಷ್ಟು ದಿನ ಉಳಿದರು. ಅಷ್ಟರಲ್ಲಿ ಮಾರ್ಚ್ 25ರಿಂದ ಲಾಕ್‌ಡೌನ್. ಕಚೇರಿ ಕೆಲಸ ಮನೆಗೇ ಬಂತು, ಊರಿಗೆ ಹೋದವರು ಊರಿನಲ್ಲೇ ಉಳಿದರು. ಆ ವರ್ಷ ನಮ್ಮ ಕೆಲಸ ಹಿಂದುಮುಂದಾಯಿತು. ಬರುವವರಿಗೆ ಮನೆ ಹುಡುಕುವ ಬದಲು, ಬಾರದೆ ಉಳಿದವರ ಮನೆ ಖಾಲಿ ಮಾಡಿಕೊಡುವುದು. ಮಾಲಿಕರಿಲ್ಲದ ಮನೆಯಲ್ಲಿ ನಾವು ಮೊಬೈಲ್ ಹಿಡಿದು ನಿಲ್ಲುವುದು, ಅಲ್ಲಿಂದ ಅವರು ವೀಡಿಯೋ ಕರೆಯಲ್ಲಿ "ಇದು ಇರಲಿ, ಅದು ಬಿಡಿ" ಎನ್ನುವುದು. ಒಗೆಯಲು ಹಾಕಿದ ಬಟ್ಟೆ, ಕರಾಟದಲ್ಲಿ ಒಣಗಿದ ಸೋಪು, ಮಾರ್ಚ್ ತಿಂಗಳಿನಲ್ಲೇ ನಿಂತುಹೋದ ಕ್ಯಾಲೆಂಡರ್. ಅಷ್ಟು ಮನೆಗಳ ಒಳಗನ್ನು ಹಾಗೆ ನೋಡುವ ಹಕ್ಕು ನಮಗಿತ್ತೇ ಎಂದು ಈಗಲೂ ಅನಿಸುತ್ತದೆ.

ಆಗಸ್ಟಿನಲ್ಲಿ ಪದ್ಮನಾಭನಗರದ ಸರದಿ ಬಂತು. ಎಂಜಿನಿಯರರ ತಂದೆ ತೀರಿಕೊಂಡಿದ್ದರು. ತಾಯಿ ಒಬ್ಬರೇ ಆಗಿದ್ದರು. ಪೆಟ್ಟಿಗೆಗಳೆಲ್ಲ ಕಟ್ಟಿ ಮುಗಿದ ಮೇಲೆ ಆ ಅಮ್ಮ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ವೀಡಿಯೋದಲ್ಲಿ ಎರಡು ವರ್ಷದ ಮಗು ಅವರನ್ನು ನೋಡಿ ಗುರುತು ಸಿಗದೆ ತಾಯಿಯ ಹೆಗಲಿಗೆ ಮುಖ ಒತ್ತಿತು. ಅಮ್ಮ ಕಿಟಕಿಯ ಬಳಿ ಹೋಗಿ, ನಮ್ಮಿಂದ ದೂರ ನಿಂತು, ಮಾಸ್ಕ್ ಇಳಿಸಿದರು. ಮಗು ತಿರುಗಿ ನೋಡಿತು.

ಬಳಿಕ ಲೆಕ್ಕದ ಮಾತು ಬಂತು. ಬೆಂಗಳೂರಿನ ವಾಡಿಕೆಯಂತೆ ಸುಣ್ಣ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿಯುವುದಾಗಿ ಅಮ್ಮ ಹೇಳಿದರು. ಐದು ತಿಂಗಳು ಖಾಲಿ ಮನೆಗೆ ಬಾಡಿಗೆ ಕಟ್ಟಿದವರು, ತಂದೆಯನ್ನು ಕಳೆದುಕೊಂಡವರು, ಇಷ್ಟನ್ನಾದರೂ ಬಿಡಬಹುದಿತ್ತು ಎಂದು ನಮಗನ್ನಿಸಿತು. ಸಂಜೆ ಫೋನಿನಲ್ಲಿ ಎಂಜಿನಿಯರರಿಗೆ ಆ ಮಾತನ್ನು ಹೇಳಿಯೂ ಬಿಟ್ಟೆವು. ಅವರು ನಕ್ಕರು. ತಂದೆ ತೀರಿದ ಮೇಲೆ ಅವರು ನಕ್ಕದ್ದನ್ನು ನಾವು ಕೇಳಿದ್ದು ಅದೇ ಮೊದಲು.

"ಹಿಡಿಯಲಿ ಬಿಡಿ. ಎಲ್ಲರಿಗೂ ಹಿಡಿಯುವಷ್ಟೇ ನನಗೂ ಹಿಡಿದಿದ್ದಾರೆ" ಎಂದರು.